ಭಗವಂತಣ್ಣನ ಅಳತೆಗೆ ಒಂದು ಸೈಕಲ್ಲು

ಬಾಗಿಲು ಮಾಡುವ ಬಡಗಿಗಳ ಮೇಲೆ ನನಗೆ ಮೊದಲಿನಿಂದಲೂ ಸಿಟ್ಟು. ಕಾರಣ ಭಗವಂತಣ್ಣನ ಹಣೆ. ಆ ಹಣೆಯ ಗಾಯಗಳಿಗೆ ಎಷ್ಟೋ ಸಲ ಮುಲಾಮು ಹಚ್ಚಿದವಳು ನಾನೇ. ಚಿತ್ತಾಪುರದ ಆಸ್ಪತ್ರೆಯಲ್ಲಿ ನರ್ಸು ನಾನು, ಹೆಸರು ಉಮಾದೇವಿ. ಭಗವಂತಣ್ಣ ನಾಲವಾರದವನು, ರೈಲು ಹಳಿ ನೋಡಿಕೊಳ್ಳುವ ಗ್ಯಾಂಗಿನಲ್ಲಿ ಕೆಲಸ, ಐವತ್ತು ದಾಟಿದೆ. ಸೇಡಂನಿಂದ ಶಹಾಬಾದಿನವರೆಗೆ ಅಷ್ಟೆತ್ತರದ ಆಳನ್ನು ನಾನಂತೂ ಕಂಡಿಲ್ಲ. ಬಸ್ಸಿನಲ್ಲಿ ಬಗ್ಗಿ ನಿಲ್ಲುತ್ತಾನೆ, ಚಹಾದಂಗಡಿಯ ತಗಡಿನ ಕೆಳಗೆ ಬಗ್ಗಿ ನುಸುಳುತ್ತಾನೆ, ಗಿಡ್ಡ ಸಾಹೇಬರು ಯಾರಾದರೂ ಮಾತಾಡಿಸಿದರೆ ಅವರ ಮರ್ಯಾದೆಗೆಂದು ಇನ್ನಷ್ಟು ಬಗ್ಗುತ್ತಾನೆ. ಬಗ್ಗಿ ಬಗ್ಗಿ ಬೆನ್ನಿಗೆ ಅದೇ ರೂಢಿಯಾಗಿಬಿಟ್ಟಿತ್ತು.

ಇಂಥವನಿಗೆ ಹುಚ್ಚು ಹಿಡಿದದ್ದು ಸೈಕಲ್ಲಿನದು. ಹಳೆಯ ಕಪ್ಪು ಸೈಕಲ್ಲೊಂದನ್ನು ನಾಲವಾರದಿಂದ ವಾಡಿಗೆ ದಿನಾ ತುಳಿಯುತ್ತಿದ್ದ. ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುತ್ತದೆಂದು ಎರಡೂ ಕಾಲನ್ನು ಹೊರಗೆ ಚಾಚಿ, ಮಿಡತೆಯಂತೆ. ಜನ ನಗುತ್ತಿದ್ದರು, ಅವನೂ ಅವರ ಜೊತೆ ನಗುತ್ತಿದ್ದ. ನನಗೆ ಮಾತ್ರ ನಗು ಬರುತ್ತಿರಲಿಲ್ಲ, ಏಕೆಂದರೆ ಆ ಮೊಣಕಾಲುಗಳ ಊತ ನಾನು ನೋಡಿದ್ದೆ. ಕಲಬುರಗಿಯ ಎಲುಬಿನ ಡಾಕ್ಟರು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: ಒಂದೋ ಸೈಕಲ್ಲು ಬದಲಿಸು, ಇಲ್ಲವೋ ಸೈಕಲ್ಲು ಬಿಡು.

ಬಿಡುವ ಮಾತನ್ನು ಅವನ ಎದುರು ಆಡುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ನಾವೆಂದರೆ ಭಾನುವಾರದ ಸೈಕಲ್ ಗುಂಪು. ವಾಡಿ ಸ್ಟೇಷನ್ನಿನ ಹೊರಗೆ ಬಂದೇಅಲಿ ಚಾಚಾನ ವೆಲ್ಡಿಂಗ್ ಅಂಗಡಿಯಲ್ಲಿ ನೆರೆದು, ತುಳಿಯುವುದು ಸ್ವಲ್ಪ, ಹರಟುವುದು ಬಹಳ. ಹರಟೆಯ ಮುಂದಾಳು ಶಹಾಬಾದಿನ ಮೌಲಾಲಿ. ಊರೂರಿಗೆ ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಯ್ಯುವ ಯಂತ್ರ ಅವನದು. ಕಲ್ಲಿನಷ್ಟೇ ಗಟ್ಟಿ ಅವನ ಅಭಿಪ್ರಾಯಗಳೂ.

ಆ ವರ್ಷ ನಾಸಿಕದ ಕಡೆಯ ಸಣ್ಣ ಕಾರ್ಖಾನೆಯೊಂದು ಉಕ್ಕಿನ ಹೊಸ ಸೈಕಲ್ ಚೌಕಟ್ಟುಗಳನ್ನು ಹೊರತರುತ್ತದೆಂಬ ಸುದ್ದಿ ಫೋಟೋ ಸಮೇತ ಮೊಬೈಲಿಗೆ ಬಂತು. ಎರಡು ಮಾದರಿ. ‘ದೌಡ್’ ವೇಗಕ್ಕೆ, ತೆಳ್ಳನೆಯ ಮೈ. ‘ದಖ್ಖನ್’ ದೂರದ ದಾರಿಗೆ, ಉದ್ದ ಮೈ, ದಪ್ಪ ಟೈರಿಗೆ ಜಾಗ. ಕೊಳವೆಗಳು ಕೂಡುವ ಮೂಲೆಗಳಿಗೆ ಲಗ್ ಎನ್ನುವ ಉಕ್ಕಿನ ಕವಚ, ಅದರ ಅಂಚನ್ನು ವೀಳ್ಯದೆಲೆಯ ತುದಿಯಂತೆ ಕೊರೆದಿದ್ದರು. ಆ ಫೋಟೋ ನೋಡಿದ ಮೇಲೆ ನಮಗೆ ನಿದ್ದೆ ಬಂತೆಂದರೆ ಸುಳ್ಳಾದೀತು. ನಾಲ್ಕು ಭಾನುವಾರ ಒಬ್ಬರೂ ಸೈಕಲ್ ಹತ್ತಲಿಲ್ಲ, ಬರೀ ಜಗಳ.

“ದೌಡ್ ಅಂದ್ರ ದೌಡ್. ಹಿಂಗ ಹೊಂಟು ಹಂಗ ಸೇಡಂ ಮುಟ್ಟತದ,” ಎಂದು ಆಡಕಿಯ ಮಾಸ್ತರ ದೇವಾನಂದ.

“ನಮ್ಮ ರಸ್ತಾದಾಗ ಅದು ಸೇಡಂ ಅಲ್ಲ, ಸಿಸ್ಟರ್ ದವಾಖಾನಿ ಮುಟ್ಟತದ,” ಎಂದು ಮೌಲಾಲಿ. “ದಖ್ಖನ್ ತಗೋಬೇಕು. ಅದರ ಹೊಟ್ಟಿ ನೋಡು, ಮುಂದಿನ ಕಾಲು ನೋಡು. ಖಾಂದಾನಿ ಅದ!” ಚೌಕಟ್ಟು ಇನ್ನೂ ಕಾರ್ಖಾನೆಯಲ್ಲೇ ಇತ್ತು, ಈ ಪುಣ್ಯಾತ್ಮ ಆಗಲೇ ಹಿತ್ತಾಳೆಯ ಗಂಟೆ ತಂದಿಟ್ಟುಕೊಂಡಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ.

ಭಗವಂತಣ್ಣ ಮಾತ್ರ ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಿದ್ದ. ಕೆಳಗಿನ ಒಂದು ಸಾಲನ್ನು ಓದಿ ಹೇಳೆಂದು ನನಗೆ ತೋರಿಸಿದ. ಬೇಕಾದವರಿಗೆ ಅವರವರ ಮೈಯ ಅಳತೆಗೇ ಕಟ್ಟಿಕೊಡುತ್ತೇವೆ ಎಂದಿತ್ತು.

“ಮೈ ಅಳತಿಗಿ ಅಂದ್ರ, ಎಂಥಾ ಮೈ ಇದ್ರೂ?” ಎಂದು ಕೇಳಿದ.

ಅಳತೆಯ ದಿನ ಅಂಗಡಿಯಲ್ಲಿ ನಿಶ್ಚಿತಾರ್ಥದ ಗದ್ದಲ. ನಾನು ದರ್ಜಿಯ ಟೇಪು ತಂದಿದ್ದೆ. ಮೌಲಾಲಿ ಅದನ್ನು ಕಿತ್ತು ಬದಿಗಿಟ್ಟ. “ಬಟ್ಟಿ ಟೇಪ್ ಜಗ್ಗತದ್ರೀ ಸಿಸ್ಟರ್. ಉಕ್ಕಿಗಿ ಉಕ್ಕಿನ ಅಳತೀನೇ ಬೇಕು,” ಎಂದು ತನ್ನ ಕಲ್ಲು ಕೊಯ್ಯುವ ಅಂಗಳದಿಂದ ತಂದ ಕಬ್ಬಿಣದ ಗಜಕೋಲನ್ನು ಗೋಡೆಗೆ ನಿಲ್ಲಿಸಿದ. ಅವರಪ್ಪನ ಕಾಲದ ಕೋಲು, ಫೂಟಿಗೊಂದು ಗೆರೆ, ಇಂಚಿಗೊಂದು ಚುಕ್ಕೆ. ಕಾಲಿನ ಒಳಅಳತೆ, ಮುಂಡ, ತೋಳು, ಎಲ್ಲವನ್ನೂ ಅಳೆದೂ ಸುರಿದೂ ಕಾರ್ಖಾನೆಗೆ ತಿಳಿಸಿದೆವು.

ಮರುದಿನವೇ ಉತ್ತರ ಬಂತು. ಇದಕ್ಕೆ ವಿಶೇಷ ಅಳತೆ ಬೇಕಿಲ್ಲ, ನಮ್ಮ ದೊಡ್ಡ ದಖ್ಖನ್ ಸರಿಹೋಗುತ್ತದೆ, ಮೊದಲ ಕಂತಿನಲ್ಲೇ ಕಳಿಸುತ್ತೇವೆ! ಮಿರ್ಚಿಭಜಿ ತರಿಸಿ ತಿಂದೆವು. ಭಗವಂತಣ್ಣ ಭಜಿ ಕೈಯಲ್ಲಿ ಹಿಡಿದು ಹಾಗೇ ಕೂತಿದ್ದ. “ಹಂಗಾರ ನಾನೂ ಎಲ್ಲಾರಂಗೇ ಅದೀನಿ ಏನ್ರೀ ಸಿಸ್ಟರ್?” ಎಂದ. ಅಷ್ಟು ಖುಷಿಯ ಮುಖವನ್ನು ನಾನು ಹೆರಿಗೆ ವಾರ್ಡಿನಲ್ಲಿ ಮಾತ್ರ ನೋಡಿದ್ದೆ.

ಚೌಕಟ್ಟು ರೈಲಿನ ಪಾರ್ಸೆಲ್ಲಿನಲ್ಲಿ ಬಂದಿಳಿಯಿತು. ಬಂದೇಅಲಿ ಚಾಚಾ ಕೈ ತೊಳೆದುಕೊಂಡು ಬಂದು ಬಿಚ್ಚಿದ. ಕಡುನೀಲಿ. ಬೆಳಗಿನ ಬಿಸಿಲು ಕೊಳವೆಯ ಮೇಲೆ ಒಂದೇ ಗೆರೆಯಾಗಿ ಈ ತುದಿಯಿಂದ ಆ ತುದಿಗೆ ಹರಿದಿತ್ತು. ಮೌಲಾಲಿ ತನ್ನ ಹಿತ್ತಾಳೆಯ ಗಂಟೆಯನ್ನು ಅಂಗಿಯ ಅಂಚಿಗೆ ಒರೆಸತೊಡಗಿದ. ಭಗವಂತಣ್ಣ ಬೆರಳಿನಿಂದ ಲಗ್ಗಿನ ಅಂಚನ್ನು ಸವರಿ ಕೈಯನ್ನು ಕಣ್ಣಿಗೊತ್ತಿಕೊಂಡ. ಮನುಷ್ಯರ ಕೈ ಇಷ್ಟು ಚೆಂದದ್ದನ್ನೂ ಮಾಡುತ್ತದಲ್ಲ ಎಂದು ನಾನು ಬೆರಗಾಗಿ ನಿಂತೆ.

ಗಾಲಿ, ಚೈನು ಎಲ್ಲ ಕೂಡಿಸಿ ಅವನನ್ನು ಹತ್ತಿಸಿದೆವು. ಮೊಣಕಾಲು ಮತ್ತೆ ಹ್ಯಾಂಡಲ್ಲಿಗೆ ಬಡಿಯಿತು. ಸೀಟನ್ನು ಏರಿಸಿದೆವು. ಈಗ ಕಾಲು ಚಾಚಿತು, ಆದರೆ ಹ್ಯಾಂಡಲ್ಲು ಕೆಳಗೆಲ್ಲೋ ಉಳಿಯಿತು. ಅವನು ಬಗ್ಗಿದ, ಇನ್ನೂ ಬಗ್ಗಿದ, ಎದೆ ತೊಡೆಗೆ ತಾಗುವಷ್ಟು. ಹಾಗೆಯೇ ಸ್ಟೇಷನ್ನಿನ ಎದುರು ಒಂದು ಸುತ್ತು ಹಾಕಿ ಬಂದ. ನಾವು ಚಪ್ಪಾಳೆ ತಟ್ಟಿದೆವು. ಆ ಚಪ್ಪಾಳೆ ನೆನೆದರೆ ಈಗಲೂ ಮೈ ಉರಿಯುತ್ತದೆ.

ಬಂದೇಅಲಿ ಚಾಚಾ ಚಪ್ಪಾಳೆ ತಟ್ಟಿರಲಿಲ್ಲ. ಸುಮ್ಮನೆ ತನ್ನ ಉಕ್ಕಿನ ಟೇಪನ್ನು ಎಳೆದು, ಮೂಲೆಯಲ್ಲಿದ್ದ ಗಜಕೋಲಿನ ಮೇಲಿಟ್ಟ. ಮೌಲಾಲಿ ನೋಡಿದ. ಅವನ ಮುಖದ ಬಣ್ಣ ಇಳಿದುಹೋಯಿತು.

ಶಹಾಬಾದಿನ ಕಲ್ಲಿನ ಅಂಗಳದ ಫೂಟು ಊರೆಲ್ಲ ಬಳಸುವ ಫೂಟಿಗಿಂತ ಒಂದು ಇಂಚು ದೊಡ್ಡದು. ಕಲ್ಲು ಕೊಯ್ಯುವಾಗ ಅಂಚು ಉದುರುತ್ತದೆ, ಆಮೇಲೆ ತಿದ್ದಿ ಸರಿಮಾಡಬೇಕು. ಉದುರಿದ್ದು ಹೋಗಿ ಗಿರಾಕಿಗೆ ಸರಿಯಾದ ಕಲ್ಲು ಉಳಿಯಲಿ ಎಂದು ಹಿಂದಿನವರು ಕೋಲನ್ನೇ ಉದ್ದ ಮಾಡಿಟ್ಟಿದ್ದರು. ಅಂಗಳದಲ್ಲಿ ಅದೇ ನ್ಯಾಯ. ಹುಟ್ಟಿದಾಗಿನಿಂದ ಅದರಲ್ಲೇ ಅಳೆದ ಮೌಲಾಲಿಗೆ ಮನುಷ್ಯನ ಅಂಚು ಉದುರುವುದಿಲ್ಲ ಎಂಬುದು ಹೊಳೆಯಲೇ ಇಲ್ಲ. ಫೂಟು ದೊಡ್ಡದಾದರೆ ಲೆಕ್ಕ ಕಡಿಮೆ ಬರುತ್ತದೆ, ಭಗವಂತಣ್ಣನನ್ನು ನಾವು ಫರ್ಸಿಯಂತೆ ಅಳೆದು ಗಿಡ್ಡ ಮಾಡಿ ಕಳಿಸಿದ್ದೆವು.

“ತಪ್ಪಾತು ಭಾಯ್,” ಎಂದ ಮೌಲಾಲಿ. “ಹ್ಯಾಂಡಲ್ ಜರಾ ಮ್ಯಾಲೆತ್ತಿ ಕಟ್ಟೋಣು. ಈಗ ಹೆಂಗರೆ ಮಾಡಿ ನಡಸು. ನಿನಗ ಬಗ್ಗೋದು ರೂಢೀನೇ ಅದ ಅಲ್ಲ?”

ಭಗವಂತಣ್ಣ ಸೈಕಲ್ಲನ್ನು ಗೋಡೆಗೆ ಮೆತ್ತಗೆ ಒರಗಿಸಿದ. ಅವನು ದನಿ ಏರಿಸಿದ್ದನ್ನು ನಾವು ಯಾರೂ ಕೇಳಿದವರಲ್ಲ, ಆಗಲೂ ಏರಿಸಲಿಲ್ಲ. “ಬಾಗಲಕ್ಕ ಬಗ್ಗೀನಿ. ಬಸ್ಸಿಗಿ ಬಗ್ಗೀನಿ. ಸಾಹೇಬರಿಗಿ ಬಗ್ಗೀನಿ. ಲಗ್ನದಾಗ ಹಾರ ಹಾಕೊಳ್ಳಾಕ ಬಗ್ಗಿದಾವ ಇನ್ನೂ ಎದ್ದಿಲ್ಲ, ಮೌಲಾಲಿ. ಇದಕ್ಕ ಬಗ್ಗಂಗಿಲ್ಲ.”

ನಾನು ಅಲ್ಲೇ ಅತ್ತುಬಿಟ್ಟೆ, ಮುಚ್ಚುಮರೆ ಏನು.

ಸರಿಯಾದ ಅಳತೆ ತಿಳಿಸಿ ಕೇಳಿದೆವು, ಕಾರ್ಖಾನೆಯವರು ಒಳ್ಳೆಯ ಜನ. ಹೊಸ ಚೌಕಟ್ಟಿಗೆ ಮುಂದಿನ ವರ್ಷದ ಸರದಿ ಬರಬೇಕು, ಉದ್ದದ ಕೊಳವೆಗಳನ್ನಾದರೆ ಈಗಲೇ ಕಳಿಸುತ್ತೇವೆ, ಆದರೆ ಬಿಚ್ಚಿ ಬೆಸೆಯುವ ಹೊಣೆ ನಿಮ್ಮದು ಎಂದರು. ಒಂದು ವರ್ಷ ಹಳೆಯ ಸೈಕಲ್ಲು ತುಳಿದರೆ ಆ ಮೊಣಕಾಲು ಮುಗಿದಂತೆಯೇ ಎಂದು ನಾನು ಹೇಳಿದೆ. ಎಲ್ಲರೂ ಬಂದೇಅಲಿ ಚಾಚಾನ ಮುಖ ನೋಡಿದರು.

“ನಾ ನೇಗಿಲು ಬೆಸೆದಾವ,” ಎಂದ ಚಾಚಾ. “ಇದು ಭಾಳ ತೆಳ್ಳಂದು. ಜರಾ ಜಾಸ್ತಿ ಕಾಸಿದ್ರ ಸುಡತದ. ಸುಟ್ರ ಇದೂ ಹೋತು, ಹೊಸಾ ಕೊಳವೀನೂ ಹೋತು.”

“ಸುಟ್ರ ಸುಡ್ಲಿ ಚಾಚಾ,” ಎಂದ ಭಗವಂತಣ್ಣ. “ನಡಕೊಂತ ಹೋಗ್ತೀನಿ, ನೆಟ್ಟಗ.”

ಕೊಳವೆ ಬಂದ ಮೇಲೆ ಒಂದು ಮುಂಜಾನೆ ಶುರುಮಾಡಿದರು. ಉಕ್ಕಿನ ಬಣ್ಣ ಸರಿಯಾಗಿ ಕಾಣಲೆಂದು ಅಂಗಡಿಯ ಶಟರ್ ಅರ್ಧ ಇಳಿಸಿದ್ದರು. ಗ್ಯಾಸಿನ ಜ್ವಾಲೆ ತಾಗಿದ ಕೂಡಲೇ ಆ ನೀಲಿ ಬಣ್ಣ ಗುಳ್ಳೆಯೆದ್ದು ಕರಕಲಾಯಿತು. ಮೌಲಾಲಿ ಮುಖ ತಿರುಗಿಸಿಕೊಂಡ. ಚಾಚಾ ಕಾಯಿಸುತ್ತ ಹೋದ, ಭಗವಂತಣ್ಣ ಇಕ್ಕಳದಿಂದ ಎಳೆಯುತ್ತ ಹೋದ. ಒಳಗೆ ಬೆಸುಗೆಗೆ ಹಾಕಿದ್ದ ಹಿತ್ತಾಳೆ ಕರಗಿ, ಕೊಳವೆ ಲಗ್ಗಿನಿಂದ ಕಳಚಿ ಹೊರಬಂತು. ನಾವು ತಿಂಗಳುಗಟ್ಟಲೆ ಹಾದಿ ಕಾದಿದ್ದ ಚೌಕಟ್ಟು ತುಂಡುತುಂಡಾಗಿ ನೆಲದ ಮೇಲೆ ಬಿದ್ದಿತ್ತು.

ಆಮೇಲೆ ಕೂಡಿಸುವುದು. ಹೊಸ ಕೊಳವೆಯನ್ನು ಲಗ್ಗಿಗೆ ತೂರಿಸಿ, ಜ್ವಾಲೆಯನ್ನು ಒಂದೆಡೆ ನಿಲ್ಲಗೊಡದೆ ಚಾಚಾ ಸುತ್ತಲೂ ಸವರಿದ. ಉಕ್ಕು ಕಪ್ಪಾಯಿತು, ಕೆಂಪಾಯಿತು, ಮಾವಿನಹಣ್ಣಿನ ಬಣ್ಣಕ್ಕೆ ತಿರುಗಿತು. ಆಗ ಹಿತ್ತಾಳೆಯ ಕಡ್ಡಿಯ ತುದಿಯನ್ನು ಅಂಚಿಗೆ ಮುಟ್ಟಿಸಿದ. ಅದು ಕರಗಿ ಕೆಳಗೆ ಬೀಳಲಿಲ್ಲ. ಕೂದಲೆಳೆಯಷ್ಟು ಸಂದಿಯೊಳಗೆ ತಾನೇ ದಾರಿ ಹುಡುಕಿಕೊಂಡು, ಮೇಲಕ್ಕೂ ಏರಿ, ಸುತ್ತು ಬಂದು, ಆಚೆ ಬದಿಯಲ್ಲಿ ಬಂಗಾರದ ಗೆರೆಯಾಗಿ ಹೊಳೆಯಿತು. ಅದನ್ನು ಒಳಗೆ ಎಳೆದುಕೊಂಡವರು ಯಾರು? ಇಷ್ಟು ವರ್ಷ ಹೆರಿಗೆ ನೋಡಿದವಳು ನಾನು, ಆದರೂ ಉಸಿರು ಹಿಡಿದೆ. ಚಾಚಾ “ಯಾ ಅಲ್ಲಾ” ಎಂದು ಜ್ವಾಲೆ ಆರಿಸಿದ. ಸುಟ್ಟಿರಲಿಲ್ಲ.

ಬಣ್ಣ ಹಚ್ಚುವವರೆಗೆ ತಡೆಯಲು ಭಗವಂತಣ್ಣ ಒಪ್ಪಲಿಲ್ಲ. ಸಂಜೆಗೆ ಅದೇ ಕರಕಲು ಮೈಯ ಸೈಕಲ್ಲು ಹತ್ತಿ ನಾಲವಾರಕ್ಕೆ ಹೊರಟ. ನಾನು ಸ್ಕೂಟಿಯಲ್ಲಿ ಮುಂದೆ ಹೋದೆ, ಅವನ ಹೆಂಡತಿ ಪೀರಮ್ಮನಿಗೆ ಸುದ್ದಿ ಹೇಳಲು. ಆಕೆ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ದಾರಿಯ ತಿರುವಿನಲ್ಲಿ ಅವನು ಕಾಣಿಸಿದ. ಕಾಲು ಪೂರಾ ಚಾಚಿ ಪೂರಾ ಮಡಚುತ್ತಿತ್ತು. ಬೆನ್ನು ನೆಟ್ಟಗೆ, ಕತ್ತು ನೆಟ್ಟಗೆ, ತಲೆ ಜಾಲಿಗಿಡಗಳ ಮೇಲೆ. ನಮ್ಮ ಭಗವಂತಣ್ಣ ಹೀಗಿದ್ದಾನೆಂದು ನನಗೆ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ಪೀರಮ್ಮ ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. “ಯಾರ್ರೀ ಸಿಸ್ಟರ್ ಅವರು? ನಮ್ಮ ಮನಿ ಕಡಿಗೇ ಬರ್ಲಿಕತ್ತಾರ.”

ಅವನು ಹತ್ತಿರ ಬಂದ, ಬ್ರೇಕು ಹಿಡಿದ. ಆಕೆಯ ಕೈಯಿಂದ ಮೊರ ಜಾರಿ ಜೋಳ ಚೆಲ್ಲಿತು. ಎದ್ದು ನಿಂತು ಗಂಡನನ್ನು ಕಾಲಿನಿಂದ ತಲೆಯವರೆಗೆ ನಿಧಾನಕ್ಕೆ ನೋಡಿದಳು. ಮಕ್ಕಳ ಮದುವೆ ಮಾಡಿದ ಹೆಂಗಸು, ಮದುವಣಗಿತ್ತಿಯಂತೆ ಸೆರಗು ಸರಿಮಾಡಿಕೊಂಡಳು.

“ಇಷ್ಟ್ ಎತ್ತರ ಇದ್ರೇನ್ರೀ ನೀವು?” ಎಂದಳು.

ಅವನು ನಾಚಿ ಇಳಿಯಲು ಹೋದ, ಎಂದಿನಂತೆ ಹೆಗಲು ಕುಗ್ಗಿಸುತ್ತ. ಪೀರಮ್ಮ ಹ್ಯಾಂಡಲ್ಲು ಹಿಡಿದು ತಡೆದಳು.

“ಇಳೀಬ್ಯಾಡ್ರಿ. ಇನ್ನೊಂದ್ ಸುತ್ತ ಹಾಕ್ರಿ. ನಾ ನೋಡೇ ಇಲ್ಲ.”