ಬೀಗರ ಮನೆಗೆ ಹೋದ ಕಾಗದ

ತಾಂಡವಪುರದ ಪುಟ್ಟಗೌರಮ್ಮ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದವಳು. ಗಂಡ ತೀರಿಕೊಂಡ ಮೇಲೆ ಆ ಕೆಲಸದಲ್ಲೇ ಮಗಳು ಹೇಮಲತಾಳನ್ನು ಓದಿಸಿ, ಚಿಕ್ಕಯ್ಯನಛತ್ರಕ್ಕೆ ಮದುವೆ ಮಾಡಿಕೊಟ್ಟಳು. ಪುಟ್ಟಗೌರಮ್ಮನ ತವರು ಮುಡುಕುತೊರೆ. ಅಪ್ಪನ ಗದ್ದೆಯಲ್ಲಿ ತನಗೂ ಪಾಲು ಬೇಕೆಂದು ಅವಳು ಟಿ. ನರಸೀಪುರದ ಕೋರ್ಟಿನಲ್ಲಿ ದಾವೆ ಹಾಕಿದಾಗ ಅಣ್ಣ ನಿಂಗರಾಜು ಕೆರಳಿದ.

ಅವನು ಜಗಳಕ್ಕೆ ಬರಲಿಲ್ಲ. ಹೇಮಲತಾಳ ಅತ್ತೆ ಮುತ್ತಮ್ಮನಿಗೆ ಎರಡು ಪುಟದ ಕಾಗದ ಬರೆದ. ತನ್ನ ತಂಗಿ ಶಾಲೆಯ ಅಕ್ಕಿ, ಬೇಳೆ ಕದ್ದು ಮಾರಿ ಮದುವೆ ಮಾಡಿದವಳು, ಅವಳ ಮಗಳನ್ನೂ ನಂಬಬೇಡಿ ಎಂದಿತ್ತು. ಕೆಳಗೆ ಸಹಿಯನ್ನೂ ಹಾಕಿದ್ದ.

ಮುತ್ತಮ್ಮ ಒಂದು ವಾರ ಅದನ್ನು ಯಾರಿಗೂ ತೋರಿಸಲಿಲ್ಲ. ಆ ವಾರ ಬೀರುವಿನ ಬೀಗದಕೈ ಸೊಸೆಗೆ ಕೊಡದೆ ತನ್ನ ಸೊಂಟದಲ್ಲೇ ಇಟ್ಟುಕೊಂಡಳು. ಆಮೇಲೆ ಬಸ್ಸು ಹತ್ತಿ ತಾಂಡವಪುರಕ್ಕೆ ಬಂದು ಕಾಗದವನ್ನು ಬೀಗಿತಿಯ ಕೈಗಿತ್ತಳು.

ಪುಟ್ಟಗೌರಮ್ಮ ಓದಿ ಮುಗಿಸಿ, "ನೀವು ನಂಬುದ್ರಾ ಅಕ್ಕ?" ಎಂದಳು.

"ವಾರಗಂಟ ನಂಬಿದ್ದೆ. ಸುಳ್ ಯಾಕ್ ಏಳ್ಲಿ. ಆಮೇಕೆ ನಿಮ್ ಎಡ್ಮಾಸ್ತರ್ಗೆ ಪೋನ್ ಮಾಡ್ದೆ. ಆವಮ್ಮ ಅಂತೋರಲ್ಲ ಅಂದ್ರು."

ಕಾಗದಕ್ಕಿಂತ ಆ ಮಾತು ಪುಟ್ಟಗೌರಮ್ಮನನ್ನು ಹೆಚ್ಚು ನೋಯಿಸಿತು. ಮರುದಿನವೇ ಅವಳು ನಂಜನಗೂಡಿನ ವಕೀಲರೊಬ್ಬರ ಬಳಿಗೆ ಹೋದಳು.

"ಪೇಪರ್‌ನಲ್ಲೇ ಬರಬೇಕು ಅಂತೇನಿಲ್ಲಮ್ಮ," ಎಂದರು ವಕೀಲರು. "ನಿಮ್ಮನ್ನ ಬಿಟ್ಟು ಇನ್ನೊಬ್ಬರು ಓದಿದ್ರೂ ಸಾಕು, ಮಾನನಷ್ಟದ ಕೇಸಾಗುತ್ತೆ. ಆದ್ರೆ ಓದಿದವರು ಬಂದು ಸಾಕ್ಷಿ ಹೇಳ್ಬೇಕು."

ಪುಟ್ಟಗೌರಮ್ಮ ಅಲ್ಲೇ ಕೇಸು ಹಾಕಿದಳು. ಮುತ್ತಮ್ಮ ಸಾಕ್ಷಿ ಹೇಳುವುದು ಅವಳ ಗಂಡನಿಗೆ ಇಷ್ಟವಿರಲಿಲ್ಲ. ಆದರೂ ಅವಳು ಬಂದಳು. ನಿಂಗರಾಜುವಿಗೆ ಸಮನ್ಸ್ ಕಳಿಸುವ ಮುನ್ನ ಕೋರ್ಟಿನಲ್ಲಿ ಅವಳನ್ನು, ಕಾಗದ ಓದಿ ಏನನ್ನಿಸಿತು ಎಂದು ಕೇಳಿದರು.

"ಕಳ್ಳಿ ಅಂದ್ಕಂಡೆ ಸಾ. ಸೊಸೆ ಕೈಗೆ ಬೀಗದಕೈನೂ ಕೊಡ್ನಿಲ್ಲ."

ಪುಟ್ಟಗೌರಮ್ಮ ತಲೆ ತಗ್ಗಿಸಿಕೊಂಡು ಕೇಳಿದಳು. ನೋಯಿಸಿದ ಆ ಮಾತೇ ಈಗ ಅವಳ ಪರವಾದ ಸಾಕ್ಷಿಯಾಗಿತ್ತು.

ಸಮನ್ಸ್ ತಲುಪಿದ ಮೇಲೆ ನಿಂಗರಾಜು ರಾಜಿಗೆ ಬಂದ. "ಮನೆಯೊಳ್ಗಿನ ಮಾತು ಕಣವ್ವ. ನಾನೇನ್ ಊರ್ಗೆಲ್ಲಾ ಸಾರಿದ್ನಾ? ಎರಡು ಕೇಸೂ ವಾಪಸ್ ತಗೊ."

"ಗದ್ದೆದು ಬ್ಯಾರೆ, ಇದು ಬ್ಯಾರೆ ಕಣಣ್ಣ. ಬರ್ದಿದ್ದು ಸುಳ್ಳು ಅಂತ ಬೀಗ್ರಿಗೆ ನಿನ್ ಕೈಲೇ ಬರ್ದ್ಕೊಡು. ಇದೊಂದ್ನ ಬಿಡ್ತೀನಿ."

ಎರಡು ತಿಂಗಳು ಅವನು ಒಪ್ಪಲಿಲ್ಲ. ಕೊನೆಗೆ ವಕೀಲರ ಮುಂದೆಯೇ ಕೂತು ಮೂರು ಸಾಲು ಬರೆದುಕೊಟ್ಟ. ಮಾನನಷ್ಟದ ಕೇಸು ಅಲ್ಲಿಗೆ ಮುಗಿಯಿತು.

ಪಾಲಿನ ದಾವೆ ಇನ್ನೂ ನಡೆಯುತ್ತಿದೆ. ವಾಯಿದೆಯ ದಿನ ಕೆಲವೊಮ್ಮೆ ಮುತ್ತಮ್ಮನೂ ನರಸೀಪುರಕ್ಕೆ ಜೊತೆಯಾಗುತ್ತಾಳೆ. ಅಲ್ಲಿ ಅಣ್ಣ ಎದುರಾದರೆ ಪುಟ್ಟಗೌರಮ್ಮ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾಳೆ, ಮಾತಾಡುವುದಿಲ್ಲ.