ಪ್ಯೂರಿಟನ್ನರ ದಿನಚರಿಯೂ ನನ್ನ ಹಳದಿ ಚೀಲವೂ

ಐವತ್ತು ದಾಟಿ ಕ್ಯೋಟೋದಲ್ಲಿ ಪಿಎಚ್‌ಡಿಗೆ ಸೇರಿದವನಿಗೆ ಎರಡು ಬಿರುದುಗಳು ಕೇಳದೆಯೇ ಸಿಗುತ್ತವೆ: ತರಗತಿಯಲ್ಲಿ ತಾತ, ಮನೆಯಲ್ಲಿ ಅವಲಂಬಿತ. ಎರಡನೆಯದು ನನ್ನ ವೀಸಾದಲ್ಲೇ ಅಚ್ಚಾಗಿತ್ತು. ಹೆಂಡತಿಯ ಕಂಪನಿ ಅವಳನ್ನು ಒಸಾಕಾಗೆ ಕಳಿಸಿತು. ಮೈಸೂರಿನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ನಾನು ರಾಜೀನಾಮೆ ಕೊಟ್ಟು ಅವಳ ಹಿಂದೆ ಹೊರಟುಬಂದೆ.

ನನ್ನ ವಿಷಯ, ಅಮೆರಿಕದ ಆರಂಭದ ಬರಹಗಾರರಾದ ಪ್ಯೂರಿಟನ್ನರು. ಇಂಗ್ಲೆಂಡಿನ ಚರ್ಚು ಸಾಕಷ್ಟು ಶುದ್ಧವಾಗಿಲ್ಲವೆಂದು ಹಡಗು ಹತ್ತಿದ ಜನ. ಯಾರನ್ನು ಉದ್ಧರಿಸಬೇಕೆಂದು ದೇವರು ಮೊದಲೇ ತೀರ್ಮಾನಿಸಿದ್ದಾನೆ, ಆದರೆ ಯಾರಿಗೂ ತಿಳಿಸಿಲ್ಲ ಎಂಬುದು ಅವರ ನಂಬಿಕೆ. ಹಾಗಾಗಿ ದಿನವೂ ತಮ್ಮ ಮನಸ್ಸನ್ನು ತಾವೇ ತನಿಖೆ ಮಾಡಿ ದಿನಚರಿ ಬರೆಯುತ್ತಿದ್ದರು. ಹಸು ಕಾಲು ಮುರಿದುಕೊಂಡರೂ ತಮಗೇನೋ ಸೂಚನೆ ಬಂದಿದೆಯೆಂದು ನಡುಗುತ್ತಿದ್ದರು. ಇಂಥವರನ್ನು ಕುರಿತು ನಾನೊಂದು ಭಾರೀ ತಮಾಷೆಯ ಅಧ್ಯಾಯ ಬರೆದು ನನ್ನ ಮಾರ್ಗದರ್ಶಕಿಗೆ, ಅಂದರೆ ಸೆನ್ಸೇ ಅವರಿಗೆ, ಒಪ್ಪಿಸಿದೆ.

"ಎರಡು ಕಡೆ ನಕ್ಕೆ," ಎಂದರು ಸೆನ್ಸೇ. ನಾನು ವಿನಯದಿಂದ ಬಾಗಿದೆ. "ಆದರೆ ಇವರು ಹೆದರಿದ್ದ ಜನ. ಆ ಹೆದರಿಕೆ ನಿಮ್ಮ ಒಂದು ವಾಕ್ಯದಲ್ಲೂ ಇಲ್ಲ. ಹೀಗೇ ಇದ್ದರೆ ಪರೀಕ್ಷಾ ಸಮಿತಿಗೆ ಕಳಿಸಲಾರೆ."

ಹೆಂಡತಿಯ ಒಸಾಕಾ ಕೆಲಸದ ಅವಧಿ ಮಾರ್ಚಿಗೆ ಮುಗಿಯುವುದಿತ್ತು. ಅಷ್ಟರೊಳಗೆ ಸಮಿತಿಗೆ ಹೋಗದಿದ್ದರೆ ನಾಲ್ಕು ವರ್ಷದ ಓದು ಬರಿಗೈಲಿ ಮೈಸೂರಿಗೆ ವಾಪಸು.

"ಏನ್ರೀ, ಮುಖ ಹಿಂಗ್ ಮಾಡ್ಕೊಂಡಿದೀರ? ರಿಜೆಕ್ಟಾ?" ಎಂದಳು ಹೆಂಡತಿ.

"ನನ್ನಲ್ಲಿ ಹೆದರಿಕೆ ಸಾಲದಂತೆ."

"ಅಯ್ಯೋ, ನನ್ನ ಕೇಳಿದ್ರೆ ನಾನೇ ಸರ್ಟಿಫಿಕೇಟ್ ಕೊಡ್ತಿದ್ನಲ್ರೀ!"

ಕೊನೆಗೆ ಪ್ಯೂರಿಟನ್ನರ ವಿಧಾನವನ್ನೇ ಹಿಡಿದೆ. ಪ್ರತಿ ಸಂಜೆ ಒಂದು ಪುಟ, ಉಪಮೆ ಇಲ್ಲ, ಅಲಂಕಾರ ಇಲ್ಲ, ಆ ದಿನದ ನನ್ನ ನಡತೆಯಷ್ಟೇ. ಮೂರು ದಿನ ಬರೆಯುವಂಥ ಪಾಪವೇ ಸಿಗಲಿಲ್ಲ. ಸಜ್ಜನರಿಗೆ ಇದೊಂದು ದೊಡ್ಡ ತೊಂದರೆ.

ನಾಲ್ಕನೆಯ ದಿನ ಕಸದ ದಿನ. ಕ್ಯೋಟೋದಲ್ಲಿ ಸುಡುವ ಕಸವನ್ನು ಒಳಗಿರುವುದು ಕಾಣುವಂಥ ಹಳದಿ ಚೀಲದಲ್ಲಿ ಬೀದಿಯ ಮೂಲೆಗಿಡಬೇಕು. ಸುಡದ ವಸ್ತು ಬೆರೆತಿದ್ದರೆ ಗಾಡಿಯವರು ಒಂದು ಚೀಟಿ ಅಂಟಿಸಿ ಚೀಲವನ್ನು ಅಲ್ಲೇ ಬಿಟ್ಟುಹೋಗುತ್ತಾರೆ. ಅವತ್ತು ನಾನು ಸೈಕಲ್ ತರಲು ಇಳಿದಾಗ ಒಂದೇ ಚೀಲ ಉಳಿದಿತ್ತು, ಹಣೆಗೆ ಚೀಟಿ ಅಂಟಿಸಿಕೊಂಡು. ಒಳಗೆ ಹಿಡಿ ಮುರಿದ ಒಗ್ಗರಣೆ ಸೌಟು. ಅದರ ಸುತ್ತ ಜಗಿದು ಹಾಕಿದ ನುಗ್ಗೆಕಾಯಿ ಸಿಪ್ಪೆ. ಆ ಬೀದಿಯಲ್ಲಿ ನುಗ್ಗೆಕಾಯಿ ಜಗಿಯುವ ಮನೆ ಒಂದೇ.

ಎದುರುಮನೆಯ ಅಜ್ಜಿ ಬಾಗಿಲ ಮುಂದೆ ಗುಡಿಸುತ್ತಿದ್ದರು. "ಸುಮಿಮಾಸೆನ್, ತಪ್ಪು ತಿಳಿಯಬೇಡಿ, ಇದು ನಿಮ್ಮ ಮನೆಯದಿರಬಹುದೇ?"

"ಅಲ್ಲ," ಎಂದೆ. ಈ ದೇಶಕ್ಕೆ ಬಂದಮೇಲೆ ನಾನು ಒಂದಿಷ್ಟೂ ತಡವರಿಸದೆ ಆಡಿದ ಜಪಾನೀ ಮಾತು ಅದೊಂದೇ.

"ಹೌದೇ? ಕ್ಷಮಿಸಿ," ಎಂದು ಬಾಗಿ, ಚೀಲವನ್ನೆತ್ತಿಕೊಂಡು ತಮ್ಮ ಮನೆಯೊಳಕ್ಕೆ ಹೋದರು.

ಸಂಜೆ ದಿನಚರಿ ತೆರೆದೆ. "ಇಕ್ಕಟ್ಟಿನ ಪ್ರಸಂಗವೊಂದರಲ್ಲಿ ಸತ್ಯದಿಂದ ತುಸು ಸರಿದು ನಿಂತೆ" ಎಂದು ಬರೆದೆ. ಚೆಂದದ ವಾಕ್ಯ. ಅದನ್ನು ಹೊಡೆದುಹಾಕಿ ಕೆಳಗೆ ಬರೆದೆ: "ಸುಳ್ಳು ಹೇಳಿದೆ." ಎರಡೇ ಪದ. ಅವನ್ನು ನೋಡುತ್ತ ಕೂರಲಾಗಲಿಲ್ಲ. ಎದ್ದು ಕಿಟಕಿಯ ಹತ್ತಿರ ಹೋದೆ.

ಪ್ಯೂರಿಟನ್ನರ ಸರಳ ಶೈಲಿ ಎಂಬುದನ್ನು ನಾನು ವರ್ಷಗಟ್ಟಲೆ ಐದು ಅಂಕದ ಟಿಪ್ಪಣಿಯಾಗಿ ಬರೆಸಿದ್ದೆ. ಪಾಪ, ಅವರಿಗೆ ಚೆನ್ನಾಗಿ ಬರೆಯಲು ಬರುತ್ತಿರಲಿಲ್ಲ ಎಂದೇ ಒಳಗೊಳಗೆ ನಂಬಿದ್ದೆ. ಅವರಿಗೆ ಬರುತ್ತಿತ್ತು. ಅಲಂಕಾರದ ಹಿಂದೆ ಅಡಗಿ ಕೂರಬಹುದೆಂದು ಗೊತ್ತಿದ್ದರಿಂದಲೇ ಅದನ್ನು ಬಿಟ್ಟರು. ಎಲ್ಲವನ್ನೂ ಆಗಲೇ ಕಂಡವನೊಬ್ಬ ಓದುತ್ತಿದ್ದಾನೆಂದು ನಂಬಿ ಬರೆದರು. ಆ ನಂಬಿಕೆಯನ್ನು ಬಿಟ್ಟ ಅವರ ಮೊಮ್ಮಕ್ಕಳ ಮಕ್ಕಳೂ ತಮ್ಮನ್ನು ತಾವೇ ಕಟಕಟೆಗೆ ನಿಲ್ಲಿಸಿಕೊಳ್ಳುವುದನ್ನು ಬಿಡಲಿಲ್ಲ. ಒಂದು ದೇಶದ ಬರವಣಿಗೆಗೆ ಅದೇ ದನಿಯಾಯಿತು. ಮರದ ಗುಡಿಸಲು, ಹೆಪ್ಪುಗಟ್ಟುವ ಶಾಯಿ. ಬೆಳಿಗ್ಗೆ ಮಗುವನ್ನು ಮಣ್ಣುಮಾಡಿ ಬಂದ ತಂದೆಯೊಬ್ಬ ಅದೇ ನೇರ ಮಾತಿನಲ್ಲಿ ತನ್ನ ತಪ್ಪನ್ನು ಹುಡುಕುತ್ತಾನೆ, ಆಮೇಲೆ ದೇವರಿಗೆ ವಂದನೆ ಬರೆಯುತ್ತಾನೆ. ನನ್ನ ಅಧ್ಯಾಯದಲ್ಲಿ ಆ ದಿನಚರಿಯ ಕೆಳಗೆ ನಾನು ನಾಲ್ಕು ಸಾಲು ನಗೆಚಾಟಿಕೆ ಮಾಡಿದ್ದೆ.

ಮರುದಿನ ಎದುರುಮನೆಯ ಗಂಟೆ ಒತ್ತಿದೆ. "ಆ ಚೀಲ ನಮ್ಮದೇ. ನಿನ್ನೆ ಸುಳ್ಳು ಹೇಳಿದೆ."

"ಗೊತ್ತಿತ್ತು," ಎಂದರು ಅಜ್ಜಿ. ಒಳಗೆ ಹೋಗಿ, ತೊಳೆದು ಕಾಗದದಲ್ಲಿ ಸುತ್ತಿದ್ದ ಸೌಟನ್ನು ತಂದರು. "ಲೋಹಕ್ಕೆ ಬೇರೆ ದಿನ ಇದೆ."

ಅಧ್ಯಾಯವನ್ನು ಮೊದಲಿನಿಂದ ಬರೆದೆ. ಹದಿನೈದು ದಿನ ಹಿಡಿಯಿತು, ಪುಟಗಳು ಅರ್ಧಕ್ಕೆ ಇಳಿದವು. ಸೆನ್ಸೇ ನನ್ನನ್ನು ಎದುರಿಗೇ ಕೂರಿಸಿಕೊಂಡು ಓದಿದರು. ಒಂದು ಸಲವೂ ನಗಲಿಲ್ಲ. ಆ ತಂದೆಯ ದಿನಚರಿಯ ಸಾಲುಗಳಷ್ಟೇ ಇದ್ದ ಪುಟಕ್ಕೆ ಬಂದಾಗ ಬೆರಳಿಟ್ಟು ಓದು ನಿಲ್ಲಿಸಿದರು.

"ಇಲ್ಲಿ ನೀವು ಏನೂ ಬರೆದೇ ಇಲ್ಲ."

"ಬರೆಯೋಕಾಗಲಿಲ್ಲ."

ಅವರು ಮೇಜಿನ ಖಾನೆ ಎಳೆದು, ತಮ್ಮ ಹೆಸರಿನ ಪುಟ್ಟ ಮೊಹರು ತೆಗೆದು, ಸಮಿತಿಯ ಅರ್ಜಿಯ ಮೇಲೆ ಒತ್ತಿದರು.