ಅಕ್ಕನಿಗೊಂದು ಮಾತು, ನನಗೊಂದು ಮಾತು

ಕಳೆದ ಲೋಕಸಭಾ ಚುನಾವಣೆಗೆ ಮೊದಲು ನನ್ನ ಫೋನಿಗೆ ಅಭ್ಯರ್ಥಿಯೊಬ್ಬರ ಧ್ವನಿಸಂದೇಶ ಬಂತು. ನನ್ನ ಹೆಸರು ಹಿಡಿದು ಕರೆದು, ಫುಟ್‌ಪಾತ್ ವ್ಯಾಪಾರಿಗಳನ್ನು ಯಾರೂ ಎಬ್ಬಿಸದಂತೆ ಅವರಿಗೊಂದು ಕಾಯಂ ಜಾಗ ಕೊಡಿಸುತ್ತೇನೆ ಎಂದಿದ್ದರು. ನನ್ನ ಗಂಡ ದಾವಣಗೆರೆಯ ಫುಟ್‌ಪಾತಿನಲ್ಲಿ ಚಪ್ಪಲಿ ಮಾರುತ್ತಾರೆ. ಕೊನೆಗೂ ನಮ್ಮ ಕಷ್ಟ ಒಬ್ಬರಿಗೆ ತಿಳಿಯಿತಲ್ಲ ಎಂದು ಹಿಗ್ಗಿದೆವು.

ಆ ಭಾನುವಾರ ಹರಿಹರದ ಅಕ್ಕನ ಮನೆಗೆ ಹೋದಾಗ ಊಟವಾದ ಮೇಲೆ ನಾನೇ ಅದನ್ನು ಎಲ್ಲರಿಗೂ ಕೇಳಿಸಿದೆ. ಅಲ್ಲಿ ಚಪ್ಪಲಿ ಅಂಗಡಿ ಇಟ್ಟಿರುವ ಭಾವ ಅಕ್ಕನ ಫೋನ್ ತೆಗೆದುಕೊಂಡು ಅದಕ್ಕೆ ಬಂದಿದ್ದ ಸಂದೇಶ ಹಚ್ಚಿದರು. ಅದೇ ಧ್ವನಿ, ಅಕ್ಕನ ಹೆಸರು. ಅಂಗಡಿಯವರಿಗೆ ಅನ್ಯಾಯವಾಗಬಾರದು, ಫುಟ್‌ಪಾತ್ ಖಾಲಿ ಮಾಡಿಸುತ್ತೇನೆ ಎಂದಿತು.

"ಇದ್ರಾಗ ತಪ್ಪೇನೈತೆ?" ಎಂದರು ಭಾವ. "ರಸ್ತೆ ಮ್ಯಾಲೆ ಅಗ್ಗಕ್ಕೆ ಮಾರಿದ್ರೆ ನಮ್ಮ ಅಂಗಡಿ ಯಾರು ಹತ್ತುತಾರೆ?"

"ಹಂಗಾದ್ರೆ ನನ್ನೂ ಎಬ್ಬಿಸ್ಬೇಕೇನಣ್ಣ?" ಎಂದರು ನನ್ನ ಗಂಡ.

ಭಾವ ಫೋನನ್ನು ಅಕ್ಕನ ಕೈಗಿಟ್ಟು ಎದ್ದು ಹೋದರು. ಇಷ್ಟು ವರ್ಷ ಒಟ್ಟಿಗೆ ಉಂಡ ನಮಗೆ ತಿಳಿಯದ ಅವರ ಮನಸ್ಸು ಆ ಅಭ್ಯರ್ಥಿಗೆ ತಿಳಿದಿತ್ತು.

ಮರುದಿನ ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿದ್ದ ಆ ಅಭ್ಯರ್ಥಿಯ ಚುನಾವಣಾ ಕಚೇರಿಗೆ ಹೋಗಿ ಜಗಳಕ್ಕೇ ನಿಂತೆ. ಕಂಪ್ಯೂಟರ್ ಮುಂದಿದ್ದ ಹೆಂಗಸು ನಕ್ಕಳು.

"ಕೂಡ್ರಿ ಮೇಡಂ. ಯಾರಿಗೆ ಏನು ಬೇಕಂತ ಡೇಟಾದಾಗ ಇರುತ್ತೆ. ಅದನ್ನ ನೋಡಿ ನಮ್ಮ ಅಭ್ಯರ್ಥಿ ದನಿಯಾಗ ಕಂಪ್ಯೂಟರೇ ಮೆಸೇಜ್ ಮಾಡುತ್ತೆ, ನಾವು ಕಳಸ್ತೀವ್ರಿ."

"ನಮ್ಮ ವ್ಯಾಪಾರ ನಿಮಗೆ ಹೆಂಗೆ ಗೊತ್ತು?"

"ನಿಮ್ಮ ಏರಿಯಾದಾಗ ಪುಕ್ಕಟೆ ಕಣ್ಣಿನ ತಪಾಸಣೆ ಮಾಡಿದ್ವಲ್ರಿ, ಅಲ್ಲಿ ಹೆಸ್ರು, ಕೆಲ್ಸ ಎಲ್ಲಾ ನೀವೇ ಬರ್ಸಿರ್ತೀರಿ."

"ಗೆದ್ದ ಮ್ಯಾಲೆ ಎರಡ್ರಾಗ ಯಾವ ಮಾತು ನಡಸ್ತಾರೆ?"

"ಅದು ನಮ್ಮ ಕೆಲ್ಸ ಅಲ್ರಿ."

ಮೊದಲು ಸುಳ್ಳು ಹೇಳುವವರೂ ವೇದಿಕೆ ಹತ್ತಿ ಎಲ್ಲರೆದುರು ಹೇಳಬೇಕಿತ್ತು. ಕೇಳಿದವರು ಎದ್ದು ನಿಂತು ಬೈಯಬಹುದಿತ್ತು. ಈಗ ಒಬ್ಬೊಬ್ಬರ ಕಿವಿಗೆ ಒಂದೊಂದು ಸುಳ್ಳು. ನೆರೆಯವರಿಗೆ ಏನು ಹೇಳಿದ್ದಾರೆಂದು ತಿಳಿಯದೆಯೇ ಮತ ಹಾಕಬೇಕು. ಇದನ್ನು ಪ್ರಜಾಪ್ರಭುತ್ವ ಎನ್ನಲು ನನಗೆ ಹೇಸಿಗೆಯಾಗುತ್ತದೆ.

ಕೆಲ ದಿನಗಳ ಮೇಲೆ ಆ ಅಭ್ಯರ್ಥಿ ಮತ ಕೇಳಲು ಆನೆಕೊಂಡಕ್ಕೆ, ನಮ್ಮ ಓಣಿಗೇ ಬಂದರು. ಅಕ್ಕ ತನಗೆ ಬಂದಿದ್ದನ್ನು ಭಾವನಿಗೆ ತಿಳಿಯದಂತೆ ನನಗೆ ಕಳಿಸಿದ್ದಳು; ಆ ಸಂದೇಶವನ್ನು ನಾನು ಜನರ ನಡುವೆ ಜೋರಾಗಿ ಹಚ್ಚಿದೆ. ಅಭ್ಯರ್ಥಿ ಪೂರ್ತಿ ಕೇಳಿಸಿಕೊಂಡು ಕೈಮುಗಿದರು.

"ವಿರೋಧಿಗಳು ಮಾಡ್ಸಿದ್ದು ತಾಯಿ, ನಂಬಬ್ಯಾಡ್ರಿ," ಎಂದು ಮುಂದಿನ ಮನೆಗೆ ನಡೆದರು. ಜನರೂ ಅವರ ಹಿಂದೆಯೇ ಹೋದರು.

ಅವರು ಗೆದ್ದರು. ಫುಟ್‌ಪಾತಿನವರನ್ನು ಎಬ್ಬಿಸಲೂ ಇಲ್ಲ, ಅವರಿಗೊಂದು ಜಾಗ ಕೊಡಿಸಲೂ ಇಲ್ಲ. ನನ್ನ ಗಂಡ ಮಾತ್ರ ಹರಿಹರಕ್ಕೆ ಹೋಗುವುದನ್ನು ಬಿಟ್ಟಿದ್ದಾರೆ. ನಾನೊಬ್ಬಳೇ ಹೋದರೆ, ಭಾವ ಬಾಗಿಲಲ್ಲೇ "ಬಾರಮ್ಮ" ಎಂದು ಅಂಗಡಿಗೆ ಹೊರಟುಬಿಡುತ್ತಾರೆ.